ತೊಳೆದರೆ ಹೋಗದ ಉಪ್ಪು

ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಕಾಲುವೆ ಬಯಲಿನಲ್ಲಿ ಭತ್ತ ಕೊಯ್ದು ತಿಂಗಳಾದ ಮೇಲೆ ತಗ್ಗಿನ ಮಡಿಗಳ ಕಡೆ ಹೋಗಿ ನೋಡಬೇಕು. ಬದುವಿನ ಬುಡದಿಂದ ಮಡಿಯ ನಡುವಿನವರೆಗೆ ಯಾರೋ ಸುಣ್ಣ ಚೆಲ್ಲಿ ಹೋದಂತೆ ಬಿಳುಪು ಹಬ್ಬಿರುತ್ತದೆ. ಅದರಾಚೆ ಇನ್ನೊಂದು ಮಡಿ. ಅಲ್ಲಿ ಬಿಳುಪಿಲ್ಲ, ಕರ್ರಗೆ, ಎಣ್ಣೆ ಬಳಿದಂಥ ಹೊಳಪಿನ ಹೆಕ್ಕಳೆ ಕಟ್ಟಿರುತ್ತದೆ. ಸಲಿಕೆ ಹಾಕಿದರೆ ಕಲ್ಲಿಗೆ ಬಡಿದ ಸದ್ದು ಬರುತ್ತದೆ. ಎರಡಕ್ಕೂ ಊರಿನವರ ಮದ್ದು ಒಂದೇ: “ನೀರು ಬಿಡ್ರಿ, ಉಪ್ಪು ತೊಳಕೊಂಡು ಹೋಗ್ತದ.” ಚಹಾದಂಗಡಿಯ ಬೆಂಚಿನ ಮೇಲೆ ಈ ಮಾತು ಸಿಗುತ್ತದೆ, ಗೊಬ್ಬರದಂಗಡಿಯ ಗಲ್ಲಾದ ಹಿಂದೆಯೂ ಸಿಗುತ್ತದೆ. ಓದಿದವರ ಬಾಯಲ್ಲಿ ಅದೇ ಮಾತು ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಬರುತ್ತದೆ, ಅಷ್ಟೇ.

ಈ ಮಾತು ತಪ್ಪು. ಸ್ವಲ್ಪ ತಪ್ಪಲ್ಲ, ಬುಡದಲ್ಲೇ ತಪ್ಪು. ಎರೆಮಣ್ಣನ್ನು ಅದು ಪಾತ್ರೆಯೆಂದು ತಿಳಿದಿದೆ, ಉಪ್ಪನ್ನು ಪಾತ್ರೆಗೆ ಹತ್ತಿದ ಜಿಡ್ಡೆಂದು ತಿಳಿದಿದೆ. ಹಾಗಾಗಿಯೇ ನೀರು ಸುರಿದರೆ ಕೆಲಸ ಮುಗಿಯಿತು ಎನ್ನುತ್ತದೆ. ಎರೆಮಣ್ಣು ಪಾತ್ರೆಯಲ್ಲ. ಉಪ್ಪಿನ ಅಯಾನುಗಳು ಇಕ್ಕಟ್ಟಿನಲ್ಲಿ ಓಡಾಡುವ, ಜಾಗ ಹಿಡಿಯುವ, ಜಾಗ ಬಿಟ್ಟುಕೊಡುವ ಸಂದಿಗೊಂದಿಗಳ ಊರು ಅದು. ಆ ಊರಿನ ದಾರಿ ತಿಳಿಯದೆ ನೀರು ನುಗ್ಗಿಸಿದರೆ ದಾರಿಗಳೇ ಮುಚ್ಚುತ್ತವೆ.

ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಾವೇಶವಿರುವ ಕಣಗಳಾಗಿ ಒಡೆಯುತ್ತದೆ, ಅವೇ ಅಯಾನುಗಳು. ಸೋಡಿಯಂಗೆ ಒಂದು ಧನಾವೇಶ, ಕ್ಯಾಲ್ಸಿಯಂಗೆ ಎರಡು. ಎರೆಮಣ್ಣಿನ ಜೀವಾಳವಾದ ಜೇಡಿಯ ಹೆಸರು ಮಾಂಟ್‌ಮೊರಿಲೊನೈಟ್. ಅದು ಹಾಳೆಗಳ ಕಟ್ಟು. ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಶುದ್ಧ ಮಾಂಟ್‌ಮೊರಿಲೊನೈಟಿನ ಒಂದು ಗ್ರಾಂನಲ್ಲಿರುವ ಹಾಳೆಗಳನ್ನೆಲ್ಲ ಬಿಚ್ಚಿ ಹಾಸಿದರೆ 700ರಿಂದ 800 ಚದರ ಮೀಟರ್ ಆಗುತ್ತದೆ. ಐದೂವರೆ ಗ್ರಾಂ, ಅಂದರೆ ಒಂದು ಚಮಚೆಯಷ್ಟು ಜೇಡಿಯನ್ನು ಬಿಚ್ಚಿದರೆ ಒಂದು ಎಕರೆ. ಮಾನ್ವಿಯ ರೈತ ತನಗೆ ಐದು ಎಕರೆ ಹೊಲವಿದೆ ಅಂದುಕೊಂಡಿರುತ್ತಾನೆ. ಅವನ ಮುಷ್ಟಿಯೊಳಗಿನ ಮಣ್ಣಿನಲ್ಲೇ ಅದಕ್ಕಿಂತ ಹೆಚ್ಚು ನೆಲ ಅಡಗಿದೆ.

ಈ ಹಾಳೆಗಳ ಮೇಲೆಲ್ಲ ಋಣಾವೇಶ. ಅದು ಅಳಿಸಿ ಹೋಗುವಂಥದ್ದಲ್ಲ, ಹರಳಿನ ಕಟ್ಟಡದಲ್ಲೇ ಬಂದದ್ದು. ಹಾಗಾಗಿ ಪ್ರತಿ ಹಾಳೆಯೂ ಧನಾವೇಶದ ಅಯಾನುಗಳನ್ನು ಹಿಡಿದಿಟ್ಟುಕೊಂಡೇ ಇರುತ್ತದೆ. ಒಂದನ್ನು ಬಿಡಬೇಕಾದರೆ ಇನ್ನೊಂದು ಬಂದು ಆ ಜಾಗದಲ್ಲಿ ಕೂರಬೇಕು. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಕೂತವನನ್ನು ಎಬ್ಬಿಸಿದ ಹಾಗಲ್ಲ ಇದು. ಇಲ್ಲಿ ಸೀಟು ಖಾಲಿ ಇರುವ ಹಾಗೇ ಇಲ್ಲ. ಬರೀ ನೀರಿಗೆ ಈ ಕೆಲಸ ಆಗದು. ನೀರಿಗೆ ಆವೇಶವಿಲ್ಲ, ಸೋಡಿಯಂನ ಜಾಗಕ್ಕೆ ಕೂರಿಸಲು ಅದರ ಹತ್ತಿರ ಯಾರೂ ಇಲ್ಲ.

ಇಷ್ಟೇ ಆಗಿದ್ದರೆ “ತೊಳೆಯುವುದರಿಂದ ಲಾಭವಿಲ್ಲ, ನಷ್ಟವೂ ಇಲ್ಲ” ಎಂದು ಸುಮ್ಮನಿರಬಹುದಿತ್ತು. ನಷ್ಟವಿದೆ. ಹಾಳೆಗಳ ನಡುವೆ ಕ್ಯಾಲ್ಸಿಯಂ ಕೂತಿದ್ದರೆ, ಅದರ ಎರಡು ಆವೇಶ ಆಚೀಚಿನ ಹಾಳೆಗಳನ್ನು ಬಿಗಿದಿಡುತ್ತದೆ. ಮಣ್ಣು ನೆನೆದರೂ ಹಾಳೆಯಿಂದ ಹಾಳೆಗಿರುವ ಅಂತರ 2 ನ್ಯಾನೋಮೀಟರಿನ ಒಳಗೇ ನಿಲ್ಲುತ್ತದೆ. ಸೋಡಿಯಂ ಕೂತಿದ್ದರೆ ಹಾಗಲ್ಲ. ನೀರು ಒಳನುಗ್ಗಿ ಅಂತರ 4 ನ್ಯಾನೋಮೀಟರ್ ದಾಟುತ್ತದೆ, ಕೊನೆಗೆ ಹಾಳೆಗಳು ಒಂದನ್ನೊಂದು ಬಿಟ್ಟು ತೇಲುತ್ತವೆ. ತೇಲಿದ ಹಾಳೆಗಳು ಮಣ್ಣಿನ ಸಣ್ಣ ಕಂಡಿಗಳಿಗೆ ಹೋಗಿ ಕೂರುತ್ತವೆ. ಆಮೇಲೆ ಆ ನೆಲದಲ್ಲಿ ನೀರು ಇಳಿಯುವುದಿಲ್ಲ, ಗಾಳಿ ಆಡುವುದಿಲ್ಲ, ಬೇರು ಇಳಿಯುವುದಿಲ್ಲ.

ಹಾಳೆಗಳು ಹೀಗೆ ಬಿಡಿಬಿಡಿಯಾಗುವುದು ನೀರು ಸಿಹಿಯಾಗಿದ್ದಷ್ಟೂ ಬೇಗ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಕ್ವಿರ್ಕ್ ಮತ್ತು ಸ್ಕೋಫೀಲ್ಡ್ ಎಂಬಿಬ್ಬರು 1955ರಲ್ಲೇ ಇದನ್ನು ಅಳೆದು ತೋರಿಸಿದರು. ಸೋಡಿಯಂ ಹಿಡಿದ ಮಣ್ಣಿನಲ್ಲಿ ಲವಣವಿರುವ ನೀರು ಸರಾಗ ಇಳಿಯುತ್ತದೆ. ಅದೇ ಮಣ್ಣಿಗೆ ಲವಣ ಕಡಿಮೆಯಿರುವ ನೀರು ಬಿಟ್ಟರೆ, ಒಂದು ಮಿತಿಗಿಂತ ಕೆಳಗೆ ಬಂದದ್ದೇ ತಡ, ಮಣ್ಣು ಬಾಗಿಲು ಹಾಕಿಕೊಳ್ಳುತ್ತದೆ. ಕಾಲುವೆಯ ಸಿಹಿ ನೀರಿನಿಂದ ತೊಳೆಯುತ್ತೇವೆ ಎನ್ನುವವರು ಈ ಮಿತಿಯನ್ನು ತಾವೇ ದಾಟಿಸುತ್ತಿರುತ್ತಾರೆ.

ನಂಬಿಕೆ ಬಾರದವರು ಎರಡು ಗಾಜಿನ ಲೋಟ ತೆಗೆದುಕೊಳ್ಳಲಿ. ಎರಡರಲ್ಲೂ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ತುಂಬಿ, ಒಂದಕ್ಕೆ ಒಂದು ಚಿಟಿಕೆ ಜಿಪ್ಸಂ (ಕ್ಯಾಲ್ಸಿಯಂ ಇರುವ ಲವಣ) ಹಾಕಿ ಕಲಕಿ ಬಿಡಬೇಕು. ಕರ್ರಗೆ ಹೆಕ್ಕಳೆ ಕಟ್ಟಿದ ಮಡಿಯಿಂದ ಒಣಗಿದ ಮಣ್ಣಿನ ತುಣುಕು, ಕಡಲೆಕಾಳಿನಷ್ಟು ಗಾತ್ರದ್ದು, ಒಂದೊಂದು ಲೋಟಕ್ಕೆ ಮೆಲ್ಲಗೆ ಬಿಡಬೇಕು. ಅಲುಗಿಸಬಾರದು. ಬರೀ ನೀರಿನ ಲೋಟದಲ್ಲಿ ತುಣುಕಿನ ಸುತ್ತ ಮೊದಲು ಹೊಗೆಯಂಥದ್ದು ಏಳುತ್ತದೆ, ಎರಡು ತಾಸಿನೊಳಗೆ ಲೋಟದ ತಳವೆಲ್ಲ ಕದಡಿದ ಹಾಲಿನಂತೆ ಆಗುತ್ತದೆ. ಜಿಪ್ಸಂ ಲೋಟದಲ್ಲಿ ತುಣುಕು ಪುಡಿಯಾದರೂ ಪುಡಿ ಕೆಳಗೆ ಕೂರುತ್ತದೆ, ಮೇಲಿನ ನೀರು ತಿಳಿ. ಒಂದು ಎಚ್ಚರ: ಬೋರಿನ ನೀರು ಬಳಸಬಾರದು. ಅದರಲ್ಲಿರುವ ಲವಣವೇ ಮೋಡ ಏಳದಂತೆ ತಡೆದು ರೋಗವನ್ನು ಮುಚ್ಚಿಡುತ್ತದೆ. ಆಸ್ಟ್ರೇಲಿಯಾದ ಎಮರ್ಸನ್ 1967ರಲ್ಲಿ ಬರೆದಿಟ್ಟ ಪರೀಕ್ಷೆ ಇದರ ಮೂಲ. ಖರ್ಚು ಐದು ರೂಪಾಯಿಯೂ ಆಗದು.

ಎದುರು ಪಕ್ಷದ ಹತ್ತಿರವೂ ಅನುಭವವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬಿಳುಪು ಹಬ್ಬಿದ ಮಡಿಗೆ ನೀರು ಬಿಟ್ಟು ಬಸಿದಾಗ ಮರುವರ್ಷ ಬೆಳೆ ಬಂದದ್ದನ್ನು ಎಷ್ಟೋ ರೈತರು ಕಣ್ಣಾರೆ ಕಂಡಿದ್ದಾರೆ. ನಿಜ. ಆ ಬಿಳುಪು ಹಾಳೆಗಳಿಗೆ ಅಂಟಿಕೊಂಡದ್ದಲ್ಲ, ಮಣ್ಣಿನ ನೀರಿನಲ್ಲಿ ಕರಗಿ ಬಿಡಿಯಾಗಿ ಓಡಾಡುವ ಲವಣ. ಅದನ್ನು ನೀರು ಒಯ್ಯುತ್ತದೆ, ಒಯ್ಯಲು ದಾರಿಯಿದ್ದರೆ. ಭತ್ತವೇ ಸವಳಿಗೆ ಮದ್ದು ಎನ್ನುವವರ ಮಾತಿನಲ್ಲೂ ಅರ್ಧ ನಿಜವಿದೆ: ಭತ್ತದ ಬೇರು ಬಿಡುವ ಇಂಗಾಲದ ಡೈಆಕ್ಸೈಡ್ ಎರೆಮಣ್ಣಿನೊಳಗಿನ ಸುಣ್ಣದ ಹರಳುಗಳನ್ನು ನಿಧಾನಕ್ಕೆ ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ. ಆದರೆ ಸವಳು ಎಂಬ ಒಂದೇ ಹೆಸರಿನಡಿ ಎರಡು ರೋಗಗಳಿವೆ. ಬಿಡಿ ಲವಣದ್ದು ಒಂದು, ಹಾಳೆ ಹಿಡಿದ ಸೋಡಿಯಂನದ್ದು ಇನ್ನೊಂದು. ಮೊದಲನೆಯದನ್ನು ಮಾತ್ರ ತೊಳೆದು ಎರಡನೆಯದನ್ನು ಬಿಟ್ಟರೆ, ಹಾಳೆಗಳನ್ನು ಇಷ್ಟು ದಿನ ಒಟ್ಟಿಗೆ ಹಿಡಿದಿದ್ದ ಲವಣವೂ ಹೋಗಿ ನೆಲ ಒಮ್ಮೆಲೇ ಮುಚ್ಚಿಕೊಳ್ಳುತ್ತದೆ. ಬಿಳುಪು ಮಡಿ ಕರಿ ಮಡಿಯಾಗುವುದು ಹೀಗೆ. ತೊಳೆದವರೇ ಅದನ್ನು ಮಾಡಿರುತ್ತಾರೆ.

ಉತ್ತರ ಭಾರತದ ಗೆಲುವನ್ನೂ ತೊಳೆಯುವ ವಾದಕ್ಕೆ ಬಳಸುತ್ತಾರೆ. 1969ರಲ್ಲಿ ಶುರುವಾದ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಜಿಪ್ಸಂ–ಭತ್ತ ಪದ್ಧತಿಯಿಂದ ಪಂಜಾಬ್, ಹರಿಯಾಣ, ಉತ್ತರ ಪ್ರದೇಶಗಳಲ್ಲಿ ದೊಡ್ಡ ಪ್ರಮಾಣದ ಚೌಳು ನೆಲ ಸುಧಾರಿಸಿತು. ಅಲ್ಲಿಯ ಜೇಡಿ ಬೇರೆ, ಉಬ್ಬುವ ಸ್ವಭಾವದ್ದಲ್ಲ. ಅಯಾನು ಹಿಡಿಯುವ ಶಕ್ತಿ ರಾಯಚೂರಿನ ಎರೆಮಣ್ಣಿನದರ ನಾಲ್ಕೈದನೇ ಒಂದು ಪಾಲು. ಅಲ್ಲಿಯ ಔಷಧಿಚೀಟಿ ಇಲ್ಲಿಯ ರೋಗಿಗೆ ಹಾಗೆಯೇ ನಡೆಯುವುದಿಲ್ಲ. ಹಿಡಿತದ ನೂರು ನೆಲೆಗಳಲ್ಲಿ 15 ಸೋಡಿಯಂ ಪಾಲಾದರೆ ರೋಗ ಎಂಬ ಮಿತಿ ಅಮೆರಿಕದ ಲವಣತೆ ಪ್ರಯೋಗಾಲಯ 1954ರಲ್ಲಿ ಪ್ರಕಟಿಸಿದ ಕೈಪಿಡಿಯದು. ವಿದರ್ಭದ ಪೂರ್ಣಾ ಕಣಿವೆಯ ಎರೆಮಣ್ಣನ್ನು ಪರೀಕ್ಷಿಸಿದ ಭಾರತೀಯ ಮಣ್ಣುವಿಜ್ಞಾನಿಗಳು 5ರ ಆಸುಪಾಸಿನಲ್ಲೇ ಕೆಡುಕು ಶುರುವಾಗುವುದನ್ನು ಕಂಡಿದ್ದಾರೆ.

ಇನ್ನು ಹೆಂಟೆಯ ಲೆಕ್ಕ.

ನೀರು ಬಿಟ್ಟ ಎರೆ ಹೊಲದಲ್ಲಿ ನೀರು ಎಲ್ಲಿ ಹೋಗುತ್ತದೆ? ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದ ಬಿರುಕುಗಳಲ್ಲಿ. ಅದು ಹೆಂಟೆಗಳ ಆಚೀಚೆ ಜಾರಿ ತಳಕ್ಕೆ ಹೋಗುತ್ತದೆ, ಉಪ್ಪು ಹೆಂಟೆಯ ಹೊಟ್ಟೆಯಲ್ಲೇ ಉಳಿಯುತ್ತದೆ. ಒಳಗಿನ ಅಯಾನು ತಾನೇ ತೆವಳಿ ಹೊರಗೆ ಬರಬೇಕು. ತೆರೆದ ನೀರಿನಲ್ಲಿ ಸೋಡಿಯಂ ಒಂದು ದಿನಕ್ಕೆ ಸರಾಸರಿ ಒಂದೂವರೆ ಸೆಂಟಿಮೀಟರ್ ಅಲೆಯುತ್ತದೆ. ಹಾಗಾದರೆ ಹತ್ತು ಸೆಂಟಿಮೀಟರಿಗೆ ಏಳು ದಿನ ಸಾಕೆಂದು ತೋರುತ್ತದೆ, ಸಾಲದು. ಗುರಿಯಿಲ್ಲದ ಅಲೆದಾಟದಲ್ಲಿ ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿ. ಹತ್ತು ಸೆಂಟಿಮೀಟರಿಗೆ ತೆರೆದ ನೀರಿನಲ್ಲೇ ಸುಮಾರು 44 ದಿನ. ಜೇಡಿಯೊಳಗೆ ದಾರಿ ಸೊಟ್ಟ, ಸಂದಿ ಇಕ್ಕಟ್ಟು, ಹಾಳೆಗಳ ಸೆಳೆತ ಬೇರೆ. ವೇಗ ಹತ್ತು ಪಟ್ಟು ತಗ್ಗಿತೆಂದು ಹಿಡಿದರೂ ಒಂದು ವರ್ಷಕ್ಕೆ ಮಿಕ್ಕುತ್ತದೆ. ಕಾಲುವೆಗೆ ನೀರು ಬಂದ ವಾರದಲ್ಲಿ “ತೊಳೆದು” ಮುಗಿಸಿದವರು ಹೆಂಟೆಯ ಮೈ ಮಾತ್ರ ತೊಳೆದಿದ್ದಾರೆ.

ಅಯಾನುಗಳ ಇದೇ ಓಡಾಟ ಫೋನಿನಲ್ಲಿ ನಡೆದರೆ ಎಲ್ಲರಿಗೂ ಬೆರಗು. ಹಾಳೆಗಳ ನಡುವೆ ಲಿಥಿಯಂ ಅಯಾನುಗಳನ್ನು ಕೂರಿಸಿ ಎಬ್ಬಿಸುವ ಬ್ಯಾಟರಿಗಾಗಿ 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ ನೊಬೆಲ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಜೆ. ರಾವ್ ಅವರು ಗಾಜಿನಂಥ ಅಸ್ಫಟಿಕ ವಸ್ತುಗಳ ರಚನೆಯನ್ನೂ ಅವುಗಳೊಳಗೆ ಅಯಾನುಗಳ ಓಡಾಟವನ್ನೂ ಬಹುಕಾಲ ಅಧ್ಯಯನ ಮಾಡಿ, 2002ರಲ್ಲಿ ಗಾಜಿನ ರಚನಾ ರಸಾಯನದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಈ ವಿದ್ಯೆ ಬೆಂಗಳೂರಿನದು, ಬ್ಯಾಟರಿಯದು, ಮಾನ್ವಿಯ ಮಡಿಗೆ ಸಂಬಂಧಪಟ್ಟದ್ದಲ್ಲ ಎಂಬ ಭಾವನೆ ಇದೆಯಲ್ಲ, ತೊಳೆಯುವ ವಾದದ ಬೇರು ಅಲ್ಲೇ ಇದೆ.

ಚರಿತ್ರೆ ಉಲ್ಟಾ ಹೇಳುತ್ತದೆ. ಅಯಾನು ವಿನಿಮಯ ಗೊತ್ತಾದದ್ದೇ ಹೊಲದ ಮಣ್ಣಿನಲ್ಲಿ. 1845ರ ಸುಮಾರಿಗೆ ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್, ಗೊಬ್ಬರ ಮಳೆಗೆ ಕೊಚ್ಚಿಹೋಗುತ್ತದೆಯೇ ಎಂದು ತಿಳಿಯಲು ಅಮೋನಿಯಂ ಸಲ್ಫೇಟ್ ಬೆರೆಸಿದ ಮಣ್ಣಿಗೆ ನೀರು ಹನಿಸಿ ನೋಡಿದ. ಕೆಳಗೆ ಬಸಿದು ಬಂದದ್ದು ಅಮೋನಿಯಂ ಅಲ್ಲ, ಜಿಪ್ಸಂ! ಮಣ್ಣು ಅಮೋನಿಯಂ ಇಟ್ಟುಕೊಂಡು ತನ್ನ ಕ್ಯಾಲ್ಸಿಯಂ ಕೊಟ್ಟಿತ್ತು. ಕೊಟ್ಟಷ್ಟೇ ತೆಗೆದುಕೊಳ್ಳುವ ಈ ವ್ಯವಹಾರದ ಹಿಂದಿರುವುದು ಜೇಡಿ ಎಂದು ಥಾಮಸ್ ವೇ 1850ರಲ್ಲಿ ತೋರಿಸಿದ. ಕೃಷಿ ರಸಾಯನದ ದೊಡ್ಡಣ್ಣನಾಗಿದ್ದ ಜರ್ಮನಿಯ ಲೀಬಿಗ್ ಅದನ್ನು ಒಪ್ಪಲಿಲ್ಲ. ಮಣ್ಣನ್ನು ಬರೀ ಪಾತ್ರೆಯೆಂದು ನೋಡುವ ಕಾಯಿಲೆ ಹಳೆಯದು, ದೊಡ್ಡವರಿಗೂ ಬಂದದ್ದು.

ಜಿಪ್ಸಂ ಹಾಕಿಯೂ ಆಗಲಿಲ್ಲ ಎನ್ನುವ ದೂರು ಬರುತ್ತದೆ. ಎಷ್ಟು ಹಾಕಿದ್ದು? ಎಕರೆಗೆ ಎರಡು ಚೀಲ. ಎರೆಮಣ್ಣಿನಲ್ಲಿ ಸೋಡಿಯಂ ಪಾಲನ್ನು 15ರಿಂದ 5ಕ್ಕೆ ಇಳಿಸಬೇಕಾದರೆ, ಮೇಲಿನ ಅರ್ಧ ಅಡಿ ಮಣ್ಣಿಗೇ ಎಕರೆಗೆ 35ರಿಂದ 40 ಕ್ವಿಂಟಲ್ ಬೇಕು, ಅಂದರೆ 50 ಕಿಲೋದ 70–80 ಚೀಲ. ಜಿಪ್ಸಂ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಮಾತ್ರ ಕರಗುತ್ತದೆ. ಅಷ್ಟೂ ಚೀಲಗಳನ್ನು ಸಾದಾ ನೀರಿನಲ್ಲಿ ಕರಗಿಸಲು ಇಡೀ ಎಕರೆಯ ಮೇಲೆ ಹದಿನಾಲ್ಕರಿಂದ ಹದಿನಾರು ಅಂಗುಲ ನೀರು ನಿಲ್ಲಿಸಿದಷ್ಟು ಬೇಕು. ನೀರು ಬೇಡ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಕ್ಯಾಲ್ಸಿಯಂ ಹೊತ್ತು ಬರುವ ನೀರು ಬೇಕು, ಎದ್ದು ಬಂದ ಸೋಡಿಯಂ ಹೊತ್ತು ಹೊರಗೆ ಹೋಗುವ ನೀರು ಬೇಕು. ಒಂದೇ ಸಲಕ್ಕೆ ಅಷ್ಟು ಚೀಲ ಹೊಂದಿಸಲಾಗದವರು ಕಂತಿನ ಮೇಲೆ, ವರ್ಷ ವರ್ಷ ಹಾಕಬಹುದು. ಎರಡು ಚೀಲ ಹಾಕಿ ಜಿಪ್ಸಂ ಸುಳ್ಳು ಎನ್ನುವುದು ಚಮಚೆಯಲ್ಲಿ ನೀರು ಹನಿಸಿ ಬೆಂಕಿ ಆರಲಿಲ್ಲ ಎಂದಂತೆ.

ಹೊರಗೆ ಹೋಗುವ ದಾರಿ ಎಂಬುದು ಈ ನಾಡಿಗೆ ಹೊಸ ವಿಚಾರವಲ್ಲ. ಸವಳು ಮಣ್ಣಿನಿಂದ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. ಬಿಳುಪು ಕೆರೆದು ತಂದ ಮಣ್ಣನ್ನು ತೊಟ್ಟಿಗೆ ತುಂಬಿ ನೀರು ಹಾಕುತ್ತಿದ್ದರು. ತಳದಲ್ಲಿ ಬಿಟ್ಟ ತೂತಿನಿಂದ ಬಸಿದ ಉಪ್ಪುನೀರನ್ನು ಬಿಸಿಲಿಗೆ ಒಣಗಿಸುತ್ತಿದ್ದರು. ತೂತಿಲ್ಲದ ತೊಟ್ಟಿಗೆ ನೀರು ಹಾಕಿ ಉಪ್ಪು ಬರುತ್ತದೆಂದು ಅವರು ಕೂರುತ್ತಿರಲಿಲ್ಲ. ಈಗಿನ ಕಾಲುವೆ ಬಯಲು ಅಂಥದೇ ತೊಟ್ಟಿ, ತಳಕ್ಕೆ ಗ್ನೈಸ್ ಬಂಡೆ, ತೂತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೂಲ ಲೆಕ್ಕದಲ್ಲಿ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ ಬೆಳೆ. ಭತ್ತಕ್ಕೆ ಸಣ್ಣ ಪಾಲು. ಆದದ್ದೇನೆಂದು ಸಿಂಧನೂರಿನಿಂದ ಮಾನ್ವಿವರೆಗೆ ಬಸ್ಸಿನ ಕಿಟಕಿಯಿಂದ ನೋಡಿದವರಿಗೆಲ್ಲ ಗೊತ್ತು. ಮೇಲ್ಭಾಗದಲ್ಲಿ ನೀರು ನಿಂತು ಜವಳು, ಕೊನೆ ಭಾಗದಲ್ಲಿ ನೀರಿಗಾಗಿ ರಸ್ತೆ ತಡೆ. ಲೀಟರಿಗೆ 0.2 ಗ್ರಾಂ ಲವಣವಿರುವ ನೀರನ್ನು ಒಳ್ಳೆಯ ನೀರೆಂದೇ ಕರೆಯುತ್ತಾರೆ. ಅಂಥ ನೀರನ್ನು ಒಂದು ಭತ್ತದ ಬೆಳೆಗೆ ನಾಲ್ಕಡಿ ಕೊಟ್ಟರೆ ಎಕರೆಗೆ ಹತ್ತಿರ ಹತ್ತಿರ ಒಂದು ಟನ್ ಲವಣ ಬಂದಿಳಿಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಟನ್ ಉಳಿಯುತ್ತದೆ. ಅಂತರ್ಜಲ ಎರಡು ಮೀಟರಿನೊಳಗೆ ಏರಿದರೆ ಸಣ್ಣ ಕಂಡಿಗಳು ದೀಪದ ಬತ್ತಿಯಂತೆ ಅದನ್ನು ಮೇಲಕ್ಕೆ ಎಳೆಯುತ್ತವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ನೆಲದಡಿ ಬಸಿಕೊಳವೆ ಹಾಕುವ ಪ್ರಯೋಗ ಮಾಡುತ್ತಾ ಬಂದಿರುವುದು ಈ ತೂತು ತೆರೆಯುವುದಕ್ಕೇ.

ರೋಗ ಪತ್ತೆಹಚ್ಚುವ ಚೀಟಿಯಲ್ಲೂ ಇದೇ ಕುರುಡು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಐದು ಲಘು ಪೋಷಕಾಂಶ, ಪಿಎಚ್, ಇಸಿ (ವಿದ್ಯುತ್ ವಾಹಕತೆ), ಸಾವಯವ ಇಂಗಾಲ. ಹಾಳೆ ಹಿಡಿದಿರುವ ಸೋಡಿಯಂ ಎಷ್ಟು ಎಂಬ ಸಾಲು ಇಲ್ಲ. ಸುಣ್ಣವಿರುವ ಎರೆಮಣ್ಣಿನ ಪಿಎಚ್ ಆರೋಗ್ಯವಾಗಿದ್ದಾಗಲೂ 8 ದಾಟಿರುತ್ತದೆ; ಇಸಿ ಬಿಡಿ ಲವಣವನ್ನು ಮಾತ್ರ ತೋರಿಸುತ್ತದೆ, ತೊಳೆದು ಕೆಡಿಸಿದ ಮಡಿಗೆ ಇಸಿ ಚೆನ್ನಾಗಿಯೇ ಬರುತ್ತದೆ. ಮುಚ್ಚಿಕೊಂಡು ಸತ್ತ ಹೊಲಕ್ಕೆ ಉಪ್ಪಿನ ಕಾಲಂನಲ್ಲಿ ‘ಸಾಮಾನ್ಯ’ ಎಂಬ ಸರ್ಟಿಫಿಕೇಟು.

ಇದರಲ್ಲೊಂದು ತಮಾಷೆಯೂ ಇದೆ. ರಾಯಚೂರು ನಗರದಲ್ಲಿ 2009ರಿಂದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಲ್ಲಿರಲಿ, ಎಲ್ಲೇ ಇರಲಿ, ಮಣ್ಣು ಪರೀಕ್ಷೆಯ ಮೇಜಿನ ಮೇಲೆ ಪಿಎಚ್ ಮೀಟರಿನ ಗಾಜಿನ ಬುರುಡೆಯೊಂದು ಇದ್ದೇ ಇರುತ್ತದೆ. ಆ ಬುರುಡೆ ಕೆಲಸ ಮಾಡುವುದೇ ಗಾಜಿನೊಳಗೆ ಅಯಾನುಗಳು ಓಡಾಡುವುದರಿಂದ. ನೆನೆದ ಗಾಜಿನ ಮೈಮೇಲೆ ತೆಳು ಜೆಲ್ ಪದರ. ಅಲ್ಲಿ ಹೈಡ್ರೋಜನ್ ಅಯಾನು ಬಂದು ಕೂರುತ್ತದೆ, ಒಳಗೆ ಸೋಡಿಯಂ ಅಥವಾ ಲಿಥಿಯಂ ಜಾಗದಿಂದ ಜಾಗಕ್ಕೆ ಜಿಗಿದು ಆವೇಶ ಸಾಗಿಸುತ್ತದೆ. ಗಾಜಿನ ಮೂಲಕ ಸೋಡಿಯಂ ಹಾಯುತ್ತದೆಂದು ವಾರ್‌ಬುರ್ಗ್ 1884ರಲ್ಲಿ ತೋರಿಸಿದ. ಹಾಬರ್ ಮತ್ತು ಕ್ಲೆಮೆನ್ಸಿಯೆವಿಚ್ 1909ರಲ್ಲಿ ಅದರಿಂದ ಅಳತೆಯ ಉಪಕರಣ ಮಾಡಿದರು. ದ್ರಾವಣ ವಿಪರೀತ ಕ್ಷಾರವಾಗಿ ಸೋಡಿಯಂ ತುಂಬಿದ್ದರೆ ಹೈಡ್ರೋಜನ್ನಿನ ಜಾಗದಲ್ಲಿ ಸೋಡಿಯಮ್ಮೇ ನುಗ್ಗಿ ಕೂತು, ಮೀಟರು ನಿಜಕ್ಕಿಂತ ಕಡಿಮೆ ಪಿಎಚ್ ತೋರಿಸುತ್ತದೆ. ಹೊಲ ಕೆಡಿಸುವ ಅಯಾನು ಅಳೆಯುವ ಗಾಜಿಗೂ ಲಂಚ ಕೊಡಬಲ್ಲದು.

ನಗರದಿಂದ ಸ್ವಲ್ಪ ದೂರದ ಶಕ್ತಿನಗರದಲ್ಲಿ ಇನ್ನೊಂದು ಗಾಜಿದೆ. 1985ರಿಂದ ವಿದ್ಯುತ್ ಕೊಡುತ್ತಿರುವ, 1720 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರದ ಹಾರುಬೂದಿಯ ಬಹುಪಾಲು ಅಸ್ಫಟಿಕ ಗಾಜಿನ ಸಣ್ಣ ಗೋಲಿಗಳು. ಬೂದಿ ಸತ್ತ ವಸ್ತು, ಹೊಂಡಕ್ಕೆ ಹಾಕಿದರೆ ತೆಪ್ಪಗಿರುತ್ತದೆ ಎನ್ನುವ ಮಾತು ತೊಳೆಯುವ ವಾದದ ತಮ್ಮನೇ: ನೀರು ಸೋಕಿದ ಗಾಜು ನಿಧಾನಕ್ಕೆ ಅಯಾನುಗಳನ್ನು ಬಿಡುತ್ತಲೇ ಇರುತ್ತದೆ. ಅದೇ ಗಾಜು ಸಿಮೆಂಟಿನ ಸುಣ್ಣದೊಂದಿಗೆ ಸೇರಿದರೆ ಕಾಂಕ್ರೀಟಿನ ಕಂಡಿಗಳಲ್ಲಿ ಜೆಲ್ ಕಟ್ಟಿ, ಒಳಗಿನ ಕಬ್ಬಿಣ ತಿನ್ನಲು ಬರುವ ಕ್ಲೋರೈಡನ್ನು ತಡೆಯುತ್ತದೆ. ಸವಳು ನೆಲದಲ್ಲಿ ಮನೆ ಕಟ್ಟುವವರಿಗೆ ಇದು ಬೇಕಾದ ಗುಣ.

ನೆರೆಯ ದೇವದುರ್ಗ ತಾಲೂಕಿನ ಕಥೆ ಇನ್ನೂ ಮಾನ್ವಿಯದಾಗಿಲ್ಲ. ಮಾನ್ವಿ ಕಡೆಗೆ ತುಂಗಭದ್ರೆಯ ನೀರು ಹರಿದು ದಶಕಗಳಾದ ಮೇಲೆ, 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದಿಂದ ಬಲದಂಡೆ ಕಾಲುವೆ ಈ ಕಡೆ ಬಂತು. ಹತ್ತಿಯ ಹೊಲಗಳ ನಡುವೆ ಭತ್ತದ ಮಡಿಗಳು ಕಾಣಿಸಿಕೊಂಡಿವೆ. ಮಡಿ ಮಾಡುವ ಅವಸರದಲ್ಲಿ ಜೆಸಿಬಿ ತಂದು ಸಣ್ಣ ಹಳ್ಳದ ದಂಡೆ ಕಿತ್ತು ಸಮ ಮಾಡುವುದೂ ನಡೆದಿದೆ. ಅರ್ಧ ಎಕರೆ ಹೆಚ್ಚಿಗೆ ಸಿಕ್ಕಿತೆಂಬ ಖುಷಿ, ಮೇಲಿನ ಹತ್ತು ಹೊಲದ ಉಪ್ಪು ಹೋಗುವ ತೂತು ಮುಚ್ಚಿತೆಂಬ ಎಣಿಕೆ ಇಲ್ಲ. ಮುಂದೆ ಬಿಳುಪು ಕಂಡಾಗ “ನೀರು ಬಿಡ್ರಿ” ಎನ್ನುವ ದನಿ ಹೇಗೂ ಕೇಳುತ್ತದೆ.

ಎರೆಮಣ್ಣಿನಲ್ಲಿ ಸೋಡಿಯಂ ಮೊದಲು ಏರುವುದು ತಳದಲ್ಲಿ, ಮೇಲ್ಮಣ್ಣಿಗೆ ಬರುವುದು ಆಮೇಲೆ. ಹಾಗಾಗಿ ದೇವದುರ್ಗದ ರೈತರು ಲೋಟದ ಪರೀಕ್ಷೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಲೋಟ ಮೂರು, ಮೂರರಲ್ಲೂ ಕ್ಯಾನಿನ ನೀರು, ಮಣ್ಣಿನ ತುಣುಕು ಒಂದಡಿ, ಎರಡಡಿ, ಮೂರಡಿ ಆಳದ್ದು. ಮೊದಲ ಲೋಟ ತಿಳಿಯಾಗಿದ್ದು ಮೂರನೆಯದರಲ್ಲಿ ಮೋಡ ಎದ್ದರೆ, ಹಳ್ಳ ಸಮ ಮಾಡಲು ಬಾಡಿಗೆಗೆ ಹೇಳಿದ್ದ ಜೆಸಿಬಿಯನ್ನು ಅವತ್ತೇ ಹಳ್ಳದ ಹೂಳು ತೆಗೆಯಲು ಹಚ್ಚಬೇಕು.